ಹಡಗಿಗೆ ಹೊಕ್ಕುಳು ಕೊರೆಯುವವನು

ಕಸ್ಸಿಲೋಹೆಯ ಮರಳದಂಡೆಯಲ್ಲಿ ಕಟ್ಟಿದ ಯಾವ ಹಡಗೂ ಹೊಕ್ಕುಳಿಲ್ಲದೆ ನೀರಿಗಿಳಿಯುವುದಿಲ್ಲ. ಹಲಗೆ ಕೂಡಿಸಿ, ಸಂದಿಗೆ ನಾರು ಬಡಿದು, ಬಣ್ಣ ಬಳಿದು ಎಲ್ಲ ಮುಗಿದ ಮೇಲೆ, ನೀರಿಗೆ ಎಳೆಯುವ ದಿನ ಬೆಳಿಗ್ಗೆ ಮೇಸ್ತ್ರಿ ಹಡಗಿನ ಹೊಟ್ಟೆಯೊಳಗೆ ಇಳಿಯುತ್ತಾನೆ. ಅಡಿಮರದ ನಟ್ಟನಡುವೆ ಬೈರಿಗೆ ಊರಿ ಒಂದು ತೂತು ಕೊರೆಯುತ್ತಾನೆ. ಕೊರೆಯುವಾಗ ಬಾಯೊಳಗೇ ಕೆಲವು ಮಾತು ಹೇಳುತ್ತಾನೆ. ಅದು ಇನ್ನೊಬ್ಬರಿಗೆ ಕೇಳಿಸಬಾರದು. ತೂತಿನಿಂದ ಎದ್ದ ಮರದ ಚೂರನ್ನು ಬಿಳಿ ತಟ್ಟೆಯಲ್ಲಿ ಹಿಡಿದು, ಕೊಬ್ಬರಿ ಎಣ್ಣೆಯ ಬಾಟಲಿಗೆ ಹಾಕಿ, ಒಡೆಯನ ಕೈಗೆ ಕೊಡುತ್ತಾರೆ. ತೂತಿಗೆ ಗೂಟ ಜಡಿಯುತ್ತಾರೆ. ಅಲ್ಲಿಯವರೆಗೆ ಅದು ಬರೀ ಮರ. ಆಮೇಲೆ ಹಡಗು.

ಸಂಪಾರ ಹತ್ತು ಹನ್ನೆರಡು ವರ್ಷದಿಂದ ಒಂದು ಕೈಯಲ್ಲಿ ಆ ಬಿಳಿ ತಟ್ಟೆ, ಇನ್ನೊಂದು ಕೈಯಲ್ಲಿ ದೀಪ ಹಿಡಿದು ಕೂರುತ್ತಿದ್ದ. ಎದುರಿಗೆ ಕೂತು ಬೈರಿಗೆ ತಿರುಗಿಸುತ್ತಿದ್ದವನು ಲಹಾನಿ.

ಸಂಪಾರನ ಬದುಕಿನ ಹುಣ್ಣು ಇಷ್ಟೇ. ಆದರೆ ಅದು ಒಣಗಲು ಅವನು ಬಿಟ್ಟವನಲ್ಲ. ಹಿಂದಿನ ಮೇಸ್ತ್ರಿ ಮಕ್ಕುಲಾವ್ ಅವನ ಸೋದರಮಾವ. ಮೀಸೆ ಮೂಡುವ ಮೊದಲೇ ಮಾವನ ಕೈಕೆಳಗೆ ಬಾಚಿ ಹಿಡಿದವನು ಸಂಪಾರ. ಲಹಾನಿಯೋ, ಸೆಲಾಯಾರ್ ದ್ವೀಪದಿಂದ ಒಂದು ಸರಕಿನ ಹಡಗಿನಲ್ಲಿ ಅಡುಗೆಯವನಾಗಿ ಬಂದು, ಹಡಗು ರಿಪೇರಿಗೆ ನಿಂತಾಗ ದಂಡೆಯಲ್ಲೇ ಉಳಿದುಬಿಟ್ಟವನು. ಬಾಣಲೆ ತಿಕ್ಕುತ್ತಿದ್ದ ಕೈ ಒಂದೇ ವರ್ಷದಲ್ಲಿ ಹಲಗೆ ಕೀಸುವುದನ್ನು ಕಲಿಯಿತು. ಮರುವರ್ಷ ಮಾವನ ಮಗಳು ಸಾಹೇರಾಳನ್ನೂ ಹಿಡಿಯಿತು.

ಮಾವನ ಕೊನೆಗಾಲದಲ್ಲಿ ಸಂಪಾರ ಊರಲ್ಲಿರಲಿಲ್ಲ. ಅಡಿಮರಕ್ಕೆಂದು ಉಲಿನ್ ಮರದ ತೊಲೆ ತರಲು ಮಾವನೇ ಅವನನ್ನು ಕೆಂಡಾರಿಗೆ ಕಳಿಸಿದ್ದ. ಮರ ಸಿಕ್ಕಿತು, ಗಾಳಿ ಎದ್ದು ದಾಟುದೋಣಿ ನಿಂತಿತು. ಅವನು ತಿರುಗಿ ಬರುವಷ್ಟರಲ್ಲಿ ಮುದುಕನನ್ನು ಮಣ್ಣು ಮಾಡಿ ಆಗಿತ್ತು. ಸಾಯುವ ಮುಂಚೆ ಮಾವ ತಲೆದಿಂಬಿನ ಕೆಳಗಿಂದ ಬೈರಿಗೆ ತೆಗೆದು, ನೆರೆದವರ ಎದುರೇ ಅಳಿಯ ಲಹಾನಿಯ ಕೈಯಲ್ಲಿಟ್ಟನಂತೆ. ಬೈರಿಗೆ ಕೊಟ್ಟ ಮೇಲೆ ಮಾತೂ ಕೊಟ್ಟಿರಬೇಕು. ಅದನ್ನು ಯಾರೂ ಕೇಳಲಿಲ್ಲ; ಕೇಳುವ ರೂಢಿಯೂ ಅಲ್ಲಿಲ್ಲ.

ಅಂದಿನಿಂದ ಸಂಪಾರನಿಗೆ ಲಹಾನಿಯ ಒಂದೊಂದೂ ಕಣ್ಣಿಗೆ ಚುಚ್ಚತೊಡಗಿತು. ಅವನು ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ ರೀತಿ. ಅದೇ ಹಲಗೆಯನ್ನು ಸಂಪಾರ ಮುಂಚೆಯೇ ತಟ್ಟಿ ನೋಡಿ ಆರಿಸಿಟ್ಟಿರುತ್ತಿದ್ದ. ಆದರೆ ಪ್ರವಾಸಿಗಳು ಫೋಟೋ ತೆಗೆಯುತ್ತಿದ್ದುದು ಲಹಾನಿ ತಟ್ಟುವಾಗ. ಪಕ್ಕದ ಊರಿನ ಹೋಟೆಲಿನಲ್ಲಿ ಅಂಥದೊಂದು ದೊಡ್ಡ ಫೋಟೋಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ನಡುವೆ ಲಹಾನಿ, ಹಿಂದೆ ಸಮುದ್ರ, ಎಡಗಡೆ ಅಂಚಿನಲ್ಲಿ ಸಂಪಾರನ ಮೊಣಕೈ ಮತ್ತು ಒಂದು ಕಿವಿ. ಸಂಪಾರ ಆ ಹೋಟೆಲಿಗೆ ಮೀನು ಕೊಡಲು ಹೋದಾಗಲೆಲ್ಲ ಅದರ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಹಾಗೆ ನಿಂತರೂ ಅದು ಬೆನ್ನಿಗೆ ಕಾಣುತ್ತಿತ್ತು.

ಲಹಾನಿಯ ಹಲಸಿನ ಮರ ಬುಡದಿಂದಲೇ ಕಾಯಿ ಬಿಟ್ಟಿತು. ಸಂಪಾರನ ಮನೆಯದು ನೆತ್ತಿಯಲ್ಲಿ ನಾಲ್ಕು ಕಾಯಿ ಬಿಟ್ಟು ಅದನ್ನೂ ಬಾವಲಿಗೆ ಕೊಟ್ಟಿತು. ಲಹಾನಿಯ ಅಳಿಯ ಊರಲ್ಲೇ ಎಂಜಿನ್ ರಿಪೇರಿ ಅಂಗಡಿ ಇಟ್ಟ. ಸಂಪಾರನ ಮಗ ನಿಕ್ಕಲ್ ಕಾರ್ಖಾನೆ ಸೇರಿ ಹಬ್ಬಕ್ಕೂ ಬರುವುದನ್ನು ನಿಲ್ಲಿಸಿದ. ಲಹಾನಿ ಕೆಮ್ಮಿದರೂ ಸಂಪಾರನಿಗೆ ಅನ್ನಿಸುವುದು: ನೋಡು, ಎಷ್ಟು ಠೀವಿಯಿಂದ ಕೆಮ್ಮುತ್ತಾನೆ.

ಇದೆಲ್ಲ ಹೊಟ್ಟೆಯೊಳಗೇ ಇತ್ತು. ಹೊರಗೆ ಇಬ್ಬರೂ ಭಾವ, ಭಾವ ಎಂದೇ ಕರೆದುಕೊಳ್ಳುತ್ತಿದ್ದರು. ಹೆಗಲಿಗೆ ಹೆಗಲು ಕೊಟ್ಟು ತೊಲೆ ಎತ್ತುತ್ತಿದ್ದರು. ಸಂಪಾರನ ಹೊಟ್ಟೆಕಿಚ್ಚು ಬಾಯಿಗೆ ಬರುತ್ತಿದ್ದುದು ಒಂದೇ ಒಂದು ಜಾಗದಲ್ಲಿ. ಹಡಗಿನ ಹೊಟ್ಟೆಯೊಳಗೆ, ಹೊಕ್ಕುಳು ಕೊರೆಯುವಾಗ. ದೀಪ, ತಟ್ಟೆ ಹಿಡಿದು ಲಹಾನಿಯ ಎದುರು ಕೂತು ಅವನು ತುಟಿಯಲ್ಲೇ ಶಪಿಸುತ್ತಿದ್ದ. ನಿನ್ನ ಬೈರಿಗೆ ಮುರಿಯಲಿ. ನಿನ್ನ ಮಣಿಕಟ್ಟು ಉಳುಕಲಿ. ನಿನ್ನ ಹಲಸಿಗೆ ಹುಳ ಬೀಳಲಿ. ಹಡಗಿಗೆ ಏನೂ ಆಗಬಾರದು, ಅದು ನನ್ನ ಕೈಯ ಕೆಲಸವೂ ಹೌದು; ಕೊರೆದವನಿಗೆ ಮಾತ್ರ ಆಗಲಿ. ಅಷ್ಟು ಹೇಳಿಕೊಂಡ ಮೇಲೆ ಅವನಿಗೆ ಮುಂದಿನ ಹಡಗಿನವರೆಗೆ ಬದುಕುವ ತ್ರಾಣ ಬರುತ್ತಿತ್ತು.

ಶಾಪ ಯಾವುದೂ ತಟ್ಟಲಿಲ್ಲ. ಹಡಗುಗಳು ಪಾಪುವಾದವರೆಗೂ ಹೋಗಿ ಬಂದವು.

ಈಗ ಮೊದಲಿನಂತೆ ಸರಕಿನ ಹಡಗು ಕಟ್ಟಿಸುವವರಿಲ್ಲ. ಸಿಮೆಂಟು, ಅಕ್ಕಿ ಎಲ್ಲ ಕಬ್ಬಿಣದ ಹಡಗಿನಲ್ಲಿ ಹೋಗುತ್ತವೆ. ದಂಡೆಯಲ್ಲಿ ಒಂದು ಕಾಲಕ್ಕೆ ಸಾಲಾಗಿ ಎದ್ದುನಿಂತಿರುತ್ತಿದ್ದ ಹಡಗಿನ ಪಕ್ಕೆಲುಬುಗಳ ಜಾಗದಲ್ಲಿ ಆಡು ಮೇಯುತ್ತವೆ. ವಿದೇಶಿ ಪ್ರವಾಸಿಗಳನ್ನು ಹವಳದ ದಿಬ್ಬಗಳಿಗೆ ಕರೆದೊಯ್ಯುವ ಐಷಾರಾಮಿ ಹಡಗಿಗೆ ಮಾತ್ರ ಬೇಡಿಕೆ. ವರ್ಷಕ್ಕೊಂದು ಬಂದರೆ ಹೆಚ್ಚು. ಆ ಬೇಡಿಕೆ ಬರುವುದು ಮೇಸ್ತ್ರಿಯ ಫೋನಿಗೆ. ಯಾರು ಗರಗಸ ಹಿಡಿಯಬೇಕು, ಯಾರು ಮನೆಯಲ್ಲಿ ಕೂರಬೇಕು ಎನ್ನುವುದೂ ಮೇಸ್ತ್ರಿಯ ಬಾಯಲ್ಲಿ. ದಂಡೆ ಪೂರ್ತಿ ಬರಿದಾಗುವ ಮೊದಲು ಒಂದೇ ಒಂದು ಹಡಗಿಗಾದರೂ ತಾನು ಹೊಕ್ಕುಳು ಕೊರೆಯಬೇಕು, ಒಂದು ಸಲವಾದರೂ ಊರು ತನ್ನನ್ನು ಮೇಸ್ತ್ರಿ ಎನ್ನಬೇಕು. ಸಂಪಾರನಿಗೆ ಬೇಕಾಗಿದ್ದುದು ಅದು.

ಆ ಸಲದ ಹಡಗು ಮಕಾಸ್ಸರಿನ ಹಾಜಿ ಮುಸ್ತಾರಿಯದು. ಎರಡು ಅಂತಸ್ತು, ಹನ್ನೊಂದು ಕೋಣೆ, ಒಳಗೆಲ್ಲ ತಣ್ಣನೆ ಗಾಳಿ. ಬಣ್ಣ ಬಳಿಯುವುದು ಮುಗಿಯುತ್ತ ಬಂದಿತ್ತು. ದೊಡ್ಡ ಉಬ್ಬರದ ದಿನ ನೋಡಿ ನೀರಿಗಿಳಿಸುವುದೂ ಗೊತ್ತಾಗಿತ್ತು. ಅದಕ್ಕೆ ಎರಡು ವಾರವಿದೆ ಎನ್ನುವಾಗ ಲಹಾನಿ ಏಣಿಯ ಬುಡದಲ್ಲಿ ಕುಸಿದು ಕೂತ. ಬಲಗೈ, ಬಲಗಾಲು, ಬಾಯಿಯ ಬಲಭಾಗ ಬಿದ್ದುಹೋಗಿದ್ದವು.

ಎಲ್ಲರೂ ಓಡಿದರು. ಸಂಪಾರನೂ ಓಡಿದ. ಭುಜ ಕೊಟ್ಟು ಎತ್ತಿದವರಲ್ಲಿ ಅವನೇ ಮುಂದು. ದಂಡೆಯಲ್ಲಿ ಮೂರು ದಿನ ಒಂದು ಉಳಿಯ ಸದ್ದೂ ಕೇಳಲಿಲ್ಲ. ಹೆಂಗಸರು ಗಂಜಿ ಹೊತ್ತು ಸಾಲಾಗಿ ಲಹಾನಿಯ ಮನೆಗೆ ಹೋದರು, ಇಮಾಮರು ದಿನವೂ ಬಂದು ಪ್ರಾರ್ಥನೆ ಹೇಳಿದರು. ಸಂಪಾರ ಇದನ್ನೆಲ್ಲ ನೋಡಿದ. ಹೋದ ವರ್ಷ ತನಗೆ ಜ್ವರ ಬಂದು ಹಾಸಿಗೆ ಹಿಡಿದಾಗ ಕೆಲಸ ಒಂದು ಗಳಿಗೆಯೂ ನಿಂತಿರಲಿಲ್ಲ. ಗರಗಸದ ಸದ್ದು ಹಾಸಿಗೆಯವರೆಗೂ ಕೇಳುತ್ತಿತ್ತು. ಕಾಯಿಲೆಯಲ್ಲೂ ಇವನದೇ ಮೇಲುಗೈ.

ನಾಲ್ಕನೇ ದಿನ ಹಾಜಿ ಮುಸ್ತಾರಿ ಕಾರಿನಲ್ಲಿ ಬಂದಿಳಿದ. ಹಡಗಿನ ಸುತ್ತ ಒಂದು ಸುತ್ತು ಬಂದ, ಲಹಾನಿಯ ಮನೆಗೆ ಹೋಗಿ ಬಂದ, ಸಂಪಾರನನ್ನು ನೆರಳಿಗೆ ಕರೆದ.

“ಉಬ್ಬರ ನಮಗೋಸ್ಕರ ಕಾಯೋದಿಲ್ಲ, ಡಾಯೆಂಗ್. ಹೊಕ್ಕುಳು ನೀವೇ ಕೊರೀಬೇಕು.”

ದೊಡ್ಡವರನ್ನು ಕರೆಯುವಂತೆ ಹಾಜಿ ತನಗೆ ಡಾಯೆಂಗ್ ಎಂದ! ಇಷ್ಟು ದಿನ ‘ಏಯ್, ಅಲ್ಲಿರೋನೇ’ ಎನ್ನುತ್ತಿದ್ದ. ಸಂಪಾರನಿಗೆ ಹಿಗ್ಗಾಯಿತು. ಆದರೂ ಮುಖ ಬಿಗಿದುಕೊಂಡೇ ಹೇಳಿದ:

“ಲಹಾನಿ ಭಾವ ಒಪ್ಬೇಕಲ್ಲ, ಹಾಜಿ.”

“ಅವ್ರೇ ಹೇಳಿದ್ದು. ನೀವು ಮಕ್ಕುಲಾವ್ ಅವರ ಸೋದರಳಿಯ ಅಲ್ವಾ, ನಿಮಗೆ ಬರುತ್ತಂತೆ.”

ಅಲ್ಲೇ ಬಾಚಿಯ ಕಾವಿಗೆ ಬೆಣೆ ಹೊಡೆಯುತ್ತ ಕೂತಿದ್ದ ಜಪ್ಪಾರೆ ಇದನ್ನು ಕೇಳಿಸಿಕೊಂಡ. ದಂಡೆಯಲ್ಲಿ ಅವನಷ್ಟು ಬಾಯಿ ಇನ್ನೊಬ್ಬರಿಗಿಲ್ಲ. ಹಾಜಿ ಹೋದದ್ದೇ ತಡ ಎದ್ದು ನಿಂತು ಕೈಮುಗಿದ.

“ಮೇಸ್ತ್ರಿಗಳೇ, ಬಿಳಿ ತಟ್ಟೆ ಇನ್ಮೇಲೆ ನನಗೇನಾ?”

“ಮುಚ್ಚೋ ಬಾಯಿ.”

“ನೋಡ್ರಪ್ಪ, ಆಗಲೇ ಮೇಸ್ತ್ರಿ ಥರಾನೇ ಬಯ್ತಾನೆ!”

ಎಲ್ಲರೂ ನಕ್ಕರು. ಸಂಪಾರನೂ ನಕ್ಕ. ಆದರೆ ಹಾಜಿಯ ಮಾತು ಒಳಗೆ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ನಿಮಗೆ ಬರುತ್ತಂತೆ. ಅವನಿಗೆ ಬರುತ್ತಿರಲಿಲ್ಲ. ಬೈರಿಗೆ ತಿರುಗಿಸಲು ಬರುತ್ತಿತ್ತು, ಅದು ಯಾವ ಬಡಗಿಗೂ ಬರುತ್ತದೆ. ಬೇಕಾದದ್ದು ಮಾತು. ಅದು ಇರುವುದು ಲಹಾನಿಯ ಹತ್ತಿರ. ಅಂದರೆ ಅವನ ಮನೆ ಮೆಟ್ಟಿಲು ಹತ್ತಿ, ಅವನ ಎದುರು ಮಂಡಿಯೂರಿ, ಶಿಷ್ಯನ ಹಾಗೆ ಕೇಳಬೇಕು. ಈ ಯೋಚನೆಯಲ್ಲೇ ಒಂದು ವಾರ ಕಳೆಯಿತು. ಹೋಗುವುದೇ ಬೇಡ ಎಂದು ಬೆಳಿಗ್ಗೆ ನಿರ್ಧಾರವಾಗುವುದು, ಸಂಜೆ ಸಡಿಲುವುದು. ಕಡೆಗೆ ನೀರಿಗಿಳಿಸುವ ಹಿಂದಿನ ದಿನ ಮಧ್ಯಾಹ್ನ ಇನ್ನು ಉಪಾಯವಿಲ್ಲದೆ ಹೊರಟ.

ಲಹಾನಿಯ ಮನೆ ಕಂಬದ ಮೇಲೆ ನಿಂತದ್ದು. ಅವನು ಮೇಲಿನ ಜಗುಲಿಯಲ್ಲಿ ದಿಂಬಿಗೊರಗಿ ಕೂತಿದ್ದ. ಸಾಹೇರಾ ಹಣ್ಣು ಹೆಚ್ಚಿದ ತಟ್ಟೆ ಇಟ್ಟು ಒಳಗೆ ಹೋದಳು.

“ಬಾ ಭಾವ,” ಎಂದ ಲಹಾನಿ. ಮಾತು ಬಾಯಿಯ ಒಂದು ಮೂಲೆಯಿಂದ ಬರುತ್ತಿತ್ತು. “ಬರ್ತೀಯ ಅಂತ ಗೊತ್ತಿತ್ತು. ಅದೋ, ಗೂಡಲ್ಲಿದೆ ನೋಡು. ತಗೊಂಡ್ಹೋಗು.”

ಬಟ್ಟೆಯಲ್ಲಿ ಸುತ್ತಿಟ್ಟ ಬೈರಿಗೆ. ಸಂಪಾರ ಅದನ್ನು ಎತ್ತಿಕೊಂಡ. ಹಿಡಿ ಲಹಾನಿಯ ಕೈಗೆ ಸವೆದಿತ್ತು, ಮಾವನ ಕೈಗಲ್ಲ.

“ಬರೀ ಬೈರಿಗೆ ಇಟ್ಕೊಂಡು ನಾನೇನ್ ಮಾಡ್ಲಿ ಭಾವ?” ಎಂದ ಕಷ್ಟಪಟ್ಟು.

“ಯಾಕೆ, ಮಿಕ್ಕಿದ್ದು ನಿನ್ ಹತ್ರಾನೇ ಇದ್ಯಲ್ಲ.”

“ಏನ್ ಮಿಕ್ಕಿದ್ದು?”

“ಸಾಕು. ನನ್ ಮುಂದೆ ನಾಟಕ ಬೇಡ. ಇಷ್ಟು ವರ್ಷ ನಾನೇನ್ ಕುರುಡಾಗಿದ್ನಾ? ದೀಪ ಹಿಡ್ಕೊಂಡು ಎದುರಿಗೆ ಕೂತು ಪಿಟಿಪಿಟಿ ಪಿಟಿಪಿಟಿ ಅಂತಿದ್ಯಲ್ಲ, ಅದೇನು, ಮೀನಿನ ರೇಟಾ?”

ಸಂಪಾರನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: ತನ್ನ ಶಾಪವನ್ನೇ ಇವನು ಆ ಮಾತೆಂದು ತಿಳಿದಿದ್ದ.

“ಮಾವ ಸಾಯೋ ಮುಂಚೆ ನನಗೇನಂದ ಗೊತ್ತಾ?” ಲಹಾನಿ ಮುಂದುವರಿಸಿದ. “ಉಸಿರು ಹಿಡ್ಕೊಂಡು ಒತ್ತು, ಮಾತು ಮನೇಲಿದೆ ಅಂದ. ಅಷ್ಟೇ. ಮನೇಲಿದೆ ಅಂದ್ರೆ ಯಾರ ಹತ್ರ? ನಾನು ಹೊರಗಿಂದ ಬಂದ ಅಡುಗೆಯವನು. ನನಗೆ ಕಬ್ಬಿಣ ಕೊಟ್ಟ, ಮಾತನ್ನ ಅಕ್ಕನ ಮಗನಿಗೆ ಇಟ್ಟ. ನೀನು ತುಟಿ ಅಲ್ಲಾಡ್ಸೋದು ಮೊದಲನೇ ಹಡಗಲ್ಲೇ ನೋಡ್ದೆ. ಓಹೋ, ಇದಾ ಸಮಾಚಾರ ಅಂದ್ಕೊಂಡೆ.”

“ನೀನು... ನೀನೇನ್ ಹೇಳ್ತಿದ್ದೆ ಹಂಗಾದ್ರೆ?”

“ನಾನೇನ್ ಹೇಳ್ಲಿ? ಉಸಿರು ಹಿಡ್ಕೊಂಡು ನಿನ್ ತುಟಿ ನೋಡ್ತಿದ್ದೆ. ನೀನು ಸುಮ್ಮನಾದ್ಮೇಲೆ ಬೈರಿಗೆ ಎಳೀತಿದ್ದೆ. ಒಂದೊಂದ್ ಸಲ ಎಷ್ಟು ಉದ್ದ ಹೇಳ್ತಿದ್ದೆ ಮಾರಾಯ! ಆ ಕಪ್ಪು ಹಡಗಿಗಂತೂ ನನ್ ಎದೆ ಒಡೆದುಹೋಗೋದೊಂದು ಬಾಕಿ.”

ಕಪ್ಪು ಹಡಗು ಸಂಪಾರನಿಗೆ ನೆನಪಿತ್ತು. ಹೋಟೆಲಿನಲ್ಲಿ ಆ ಫೋಟೋ ತೂಗುಹಾಕಿದ ವರ್ಷ. ಬಯ್ಯುವ ಭರದಲ್ಲಿ ಅವನು ಲಹಾನಿಯ ತುಟಿಯ ಕಡೆ ಒಂದು ಸಲವೂ ನೋಡಿರಲಿಲ್ಲ.

ಅವನು ಗೋಡೆಗೊರಗಿ ಕೂತು ಲವಂಗದ ಸಿಗರೇಟು ಹಚ್ಚಿದ. ನಿಜ ಹೇಳಿಬಿಡಬಹುದಾಗಿತ್ತು. ಬಾಯಿ ತೆರೆಯಲೂ ಹೋದ. ಅಷ್ಟರಲ್ಲಿ ಲಹಾನಿ ಸಮುದ್ರದ ಕಡೆ ನೋಡುತ್ತ, ತನ್ನಷ್ಟಕ್ಕೇ ಎಂಬಂತೆ ಹೇಳಿದ:

“ಊರೆಲ್ಲ ನನ್ನ ಮೇಸ್ತ್ರಿ ಅಂತ ಕರೀತು. ನಿಜವಾದ ಮೇಸ್ತ್ರಿ ಎದುರಿಗೆ ತಟ್ಟೆ ಹಿಡ್ಕೊಂಡು ಕೂತಿರೋವಾಗ ನನಗೆಂಥ ಹೆಸರು? ನಿನ್ನ ಕಂಡ್ರೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ ಭಾವ? ರಾತ್ರಿ ನಿದ್ದೆ ಇಲ್ಲ. ಸಾಹೇರಾನ ಕೇಳು.”

ಒಳಗಿನಿಂದ ಸಾಹೇರಾಳ ದನಿ ಬಂತು. “ನಿದ್ದೆ ಇಲ್ಲದವರು ಅಷ್ಟು ಗೊರಕೆ ಹೊಡೀತಾರಾ?”

ಸಂಪಾರ ಬಾಯಿ ಮುಚ್ಚಿದ. ಹೊಗೆಯನ್ನು ಒಳಗೇ ಹಿಡಿದು ನಿಧಾನ ಬಿಟ್ಟ. ಇಷ್ಟು ವರ್ಷ ತನ್ನ ಮೇಲೆ ಒಬ್ಬ ಹೊಟ್ಟೆ ಉರಿದುಕೊಳ್ಳುತ್ತಿದ್ದ, ಅದೂ ಲಹಾನಿ, ತನಗೆ ಗೊತ್ತೇ ಇರಲಿಲ್ಲ! ಗೊತ್ತಿದ್ದರೆ ಎಷ್ಟು ಸುಖವಾಗಿರಬಹುದಿತ್ತು. ದಿನಾ ಒಂದಿಷ್ಟು ಸವಿಯಬಹುದಿತ್ತು.

“ಒಂದೇ ಒಂದ್ ಸಲ ನನಗೆ ಹೇಳು,” ಎಂದ ಲಹಾನಿ. “ನನ್ ಕೈ ಹೋಯ್ತು. ನಾನೇನು ಅದನ್ನ ಬಳಸೋಕಾಗಲ್ಲ. ಸುಮ್ನೆ ಕೇಳ್ಕೊಂಡಿರ್ತೀನಿ.”

“ಅದು ಇನ್ನೊಬ್ಬರಿಗೆ ಹೇಳೋಂಥದ್ದಲ್ಲ, ಭಾವ.”

ಲಹಾನಿಯ ಮುಖದ ಸರಿಯಿದ್ದ ಅರ್ಧ ಕೆಂಪಗಾಯಿತು. ಅವನು ಗೋಡೆಯ ಕಡೆ ತಿರುಗಿಕೊಂಡ. ಸಂಪಾರ ಬೈರಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ. ಬಾಯೆಲ್ಲ ತಾಳೆಬೆಲ್ಲ ತಿಂದ ಹಾಗಿತ್ತು.

ಆ ಸವಿ ಮನೆ ಮುಟ್ಟುವವರೆಗೆ ಇತ್ತು. ಅಂಗಳದಲ್ಲಿ ಹೆಂಡತಿ ರಬನಿಯಾ ನಾಳೆಯ ಊಟಕ್ಕೆ ಅಂಟಕ್ಕಿ ಆರಿಸುತ್ತ ಕೂತಿದ್ದಳು. ಅವಳನ್ನು ಕಂಡ ಕೂಡಲೇ ನಾಳೆ ಎನ್ನುವುದು ನೆನಪಾಯಿತು. ನಾಳೆ ಕೊರೆಯಬೇಕು. ಮಾತು ಲಹಾನಿಯ ಹತ್ತಿರವೂ ಇಲ್ಲ, ತನ್ನ ಹತ್ತಿರವೂ ಇಲ್ಲ. ಅಂದ ಮೇಲೆ ಈ ಭೂಮಿಯ ಮೇಲೆ ಯಾರ ಹತ್ತಿರವೂ ಇಲ್ಲ. ಮಾವನ ಹತ್ತಿರವಾದರೂ ಇತ್ತೋ ಇಲ್ಲವೋ.

ಹೆಂಡತಿಗೆ ಎಲ್ಲ ಹೇಳಿದ. ಅವಳು ಮೊರ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಅಲ್ರೀ, ಬೈರಿಗೆ ಮುರೀಲಿ, ಮುರೀಲಿ ಅಂತ ಅಷ್ಟು ವರ್ಷ ಅಂದ್ರಲ್ಲ, ಒಂದ್ ಸಲಾನಾದ್ರೂ ಮುರೀತಾ? ಶಾಪ ಹಾಕೋಕೂ ಕೈಗುಣ ಬೇಕು!”

“ನಗಬೇಡ ಕಣೆ. ನಾಳೆ ಏನ್ ಹೇಳ್ಲಿ ನಾನು?”

“ಈಗ್ಲೇ ಹೋಗಿ ಅವರಿಗೆ ನಿಜ ಹೇಳಿ. ಇಬ್ರೂ ಕೂತು ಏನಾದ್ರೂ ದಾರಿ ಹುಡುಕಿ.”

“ಹೇಳಲ್ಲ. ಅವನ ಹೊಟ್ಟೆ ಇನ್ನೊಂದಿಷ್ಟು ದಿನ ಉರೀಲಿ.”

“ಆಮೇಲೆ?”

“ಆಮೇಲೂ ಉರೀಲಿ.”

ರಬನಿಯಾ ಮತ್ತೆ ಮೊರ ಎತ್ತಿಕೊಂಡಳು. “ನಿಮ್ಮಿಬ್ರನ್ನೂ ಒಂದೇ ಹಡಗಲ್ಲಿ ಕೂರಿಸಿ ಗೂಟ ಕಿತ್ತುಬಿಡ್ಬೇಕು,” ಎಂದಳು.

ಮರುದಿನ ಬೆಳಿಗ್ಗೆ ದಂಡೆ ತುಂಬ ಜನ. ಅಂಟಕ್ಕಿಯ ಅನ್ನ, ಬಾಳೆಹಣ್ಣು, ಬಿಳಿ ಹುಂಜ, ಆಡಿನ ತಲೆ ಎಲ್ಲ ಚಾಪೆಯ ಮೇಲೆ ಬಂದು ಕೂತಿದ್ದವು. ಇಮಾಮರ ಪ್ರಾರ್ಥನೆ ಮುಗಿಯಿತು. ಸಂಪಾರ ಹೊಸ ಅಂಗಿ ತೊಟ್ಟು ಏಣಿಗೆ ಕಾಲಿಡಬೇಕು, ಅಷ್ಟರಲ್ಲಿ ಜನ ಎರಡು ಪಾಲಾಗಿ ದಾರಿ ಬಿಟ್ಟರು. ನಾಲ್ಕು ಆಳು ಲಹಾನಿಯನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಹೊತ್ತು ತರುತ್ತಿದ್ದರು.

“ನಾನ್ ಕಟ್ಟಿದ ಹಡಗು,” ಎಂದ ಲಹಾನಿ ಹಾಜಿಗೆ. “ಅದರ ಹೊಕ್ಕುಳು ಕೊರೆಯೋದನ್ನ ಮನೇಲಿ ಮಲಗಿ ಕೇಳಿಸ್ಕೋಬೇಕಾ? ದೀಪ ನಾನ್ ಹಿಡೀತೀನಿ. ಎಡಗೈ ನೆಟ್ಟಗಿದೆ.”

ಕುರ್ಚಿಯನ್ನು ಹಗ್ಗ ಕಟ್ಟಿ ಮೇಲೆತ್ತಿ ಹೊಟ್ಟೆಯೊಳಗೆ ಇಳಿಸಿದರು. ಜಪ್ಪಾರೆ ತಟ್ಟೆ ಹಿಡಿದ. ಹಾಜಿ ಒಂದು ಅಡ್ಡಮರದ ಮೇಲೆ ಕೂತ. ಒಳಗೆ ಬಣ್ಣದ ವಾಸನೆ, ಹೊಸ ಮರದ ವಾಸನೆ. ಸಂಪಾರ ಮಂಡಿಯೂರಿ ಬೈರಿಗೆಯ ಮೊನೆಯನ್ನು ಅಡಿಮರಕ್ಕಿಟ್ಟ. ಇದಕ್ಕಾಗಿಯೇ ಅವನು ಬದುಕಿದ್ದ.

ತಿರುಗಿಸತೊಡಗಿದ ಕೂಡಲೇ ರೂಢಿಯಂತೆ ಒಳಗಿನಿಂದ ಅದೇ ಎದ್ದಿತು: ನಿನ್ನ ಬೈರಿಗೆ ಮುರಿಯಲಿ. ಬೈರಿಗೆ ತನ್ನ ಕೈಯಲ್ಲೇ ಇತ್ತು. ತಡೆದುಕೊಂಡ. ನಿನ್ನ ಮಣಿಕಟ್ಟು ಉಳುಕಲಿ. ಎದುರಿಗಿದ್ದವನ ಮಣಿಕಟ್ಟು ತೊಡೆಯ ಮೇಲೆ ಸತ್ತ ಮೀನಿನಂತೆ ಬಿದ್ದಿತ್ತು. ಅದಕ್ಕಿಂತ ಹೆಚ್ಚು ಇನ್ನೇನು ಉಳುಕಬೇಕು? ದೇವರ ಹೆಸರು ಹೇಳೋಣವೆಂದರೆ ಅದೂ ಹೊರಡಲಿಲ್ಲ. ಸಂಪಾರ ಉಸಿರು ಹಿಡಿದು ಒತ್ತಿದ. ಮರದ ಚೂರು ಸುರುಳಿಸುರುಳಿಯಾಗಿ ಎದ್ದು ತಟ್ಟೆಗೆ ಬಿತ್ತು. ಮೊನೆ ಆಚೆ ಬದಿಗೆ ಹೊರಟಿತು. ಅಷ್ಟು ಹೊತ್ತೂ ಅವನ ತುಟಿ ಮುಚ್ಚಿದ ಚಿಪ್ಪಿನ ಹಾಗಿತ್ತು. ಅದನ್ನು ಹಾಜಿ ನೋಡಿದ. ದೀಪ ಹಿಡಿದ ಲಹಾನಿಯೂ ನೋಡಿದ.

ಎಳೆಯುವು‌ದು ಶುರುವಾಯಿತು. ಕಪ್ಪಿಗಳಿಗೆ ಹಗ್ಗ ಹಾಕಿ ಊರ ಗಂಡಸರೆಲ್ಲ ಸಾಲಾಗಿ ನಿಂತು ಕೂಗು ಹಾಕುತ್ತ ಎಳೆದರು. ಹಡಗು ಒಮ್ಮೆ ನರಳಿ, ಗೇಣಿನಷ್ಟು ಸರಿದು, ನಿಂತುಬಿಟ್ಟಿತು. ಮತ್ತೆ ಎಳೆದರು. ಹಗ್ಗ ತುಂಡಾಗಿ ಮುಂದಿನ ಸಾಲು ಪೂರ್ತಿ ಮರಳಿಗೆ ಬಿತ್ತು. ಬಿಸಿಲೇರಿತು. ಹೆಂಗಸರು ನೀರು ಕೊಟ್ಟರು. ಹಡಗು ಅಲ್ಲಾಡಲಿಲ್ಲ.

ಮೊದಲು ಪಿಸುಮಾತು. ಆಮೇಲೆ ಯಾರೋ ಜೋರಾಗಿಯೇ ಅಂದರು: “ಲಹಾನಿ ಕೊರೆದಾಗ ಹಿಂಗಾಗಿತ್ತಾ ಒಂದ್ ಸಲಾನಾದ್ರೂ?”

ಹಾಜಿ ಟೋಪಿ ತೆಗೆದು ಬೆವರು ಒರೆಸಿಕೊಂಡ. “ನಾನೇ ಕಣ್ಣಾರೆ ನೋಡ್ದೆ. ತುಟಿ ಅಲ್ಲಾಡ್ಲೇ ಇಲ್ಲ. ಹೇಳಬೇಕಾದ್ದು ಹೇಳಿಲ್ಲ ಈ ಮನುಷ್ಯ. ಪಕ್ಕದ ದಂಡೆಯಿಂದ ಮೇಸ್ತ್ರಿನ ಕರೆಸ್ತೀನಿ. ಗೂಟ ಕಿತ್ತು ಮತ್ತೆ ಕೊರೆಸ್ತೀನಿ.”

ಬೇರೆ ದಂಡೆಯವನು ಬಂದು ಕಸ್ಸಿಲೋಹೆಯ ಹಡಗಿನ ಗೂಟ ಕೀಳುವುದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಇನ್ನು ಮುಂದಿನ ಹಡಗು ಅಲ್ಲೇ, ಅದರ ಮುಂದಿನದೂ ಅಲ್ಲೇ. ಎಲ್ಲರ ಕಣ್ಣೂ ಸಂಪಾರನ ಮೇಲಿತ್ತು. ಹೇಳಿದೆ ಎನ್ನಲು ಆಗದು. ಹೇಳಲಿಲ್ಲ ಎಂದರೆ ಬೆಳಿಗ್ಗೆ ಸಿಕ್ಕಿದ್ದು ಮಧ್ಯಾಹ್ನಕ್ಕೆ ಹೋಯಿತು.

“ಹಾಜಿ,” ಎಂದು ಯಾರೋ ಕರೆದರು. ಟಾರ್ಪಾಲಿನ ನೆರಳಲ್ಲಿ ಕುರ್ಚಿಯ ಮೇಲಿದ್ದ ಲಹಾನಿ.

“ತುಟಿ ಅಲ್ಲಾಡ್ಸಿ ಹೇಳೋದು ಕಲಿಯೋ ಕಾಲದಲ್ಲಿ. ಬಲ್ಲವರು ಹೊಟ್ಟೇಲೇ ಹೇಳ್ತಾರೆ. ಹೇಳಿದ್ದಾನೆ.”

“ನಿಮಗೆ ಹೆಂಗೆ ಗೊತ್ತು, ಡಾಯೆಂಗ್?”

“ದೀಪ ಹಿಡಿದವನು ನಾನಾ ನೀವಾ? ನನಗೆ ಗೊತ್ತಾಯ್ತು. ಇವತ್ತು ನೀರಿನ್ನೂ ಏರಿಲ್ಲ, ಬೆಳಗಿಂದ ಒಣಮರಳಲ್ಲಿ ಗುದ್ದಾಡ್ತಿದ್ದೀರಿ. ಊಟ ಮಾಡಿ. ಉಬ್ಬರ ಬರ್ಲಿ.”

ಅಷ್ಟೇ. ಹಾಜಿ ಟೋಪಿ ತಲೆಗಿಟ್ಟುಕೊಂಡ. ಜನ ಊಟದ ಚಾಪೆಯ ಕಡೆ ಸರಿದರು. ಸಂಪಾರನನ್ನು ನಂಬದವರೆಲ್ಲ ಲಹಾನಿಯ ಒಂದು ಮಾತಿಗೆ ನಂಬಿದ್ದರು. ಸಂಪಾರನಿಗೆ ಜೀವ ಬಂದಂತಾಯಿತು. ಅದರ ಹಿಂದೆಯೇ ಎದೆಯಲ್ಲಿ ಉರಿಯೂ ಹೊತ್ತಿತು. ಕೈ ಬಿದ್ದು ಕುರ್ಚಿಯಲ್ಲಿ ಕೂತವನ ಮಾತಿಗೆ ಇನ್ನೂ ಇಷ್ಟು ತೂಕ!

ಅವನು ಕುರ್ಚಿಯ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತ.

“ಯಾಕ್ ಹಂಗಂದೆ?”

“ನಿನಗೋಸ್ಕರ ಅಂದ್ಕೋಬೇಡ. ನಾನ್ ಕಟ್ಟಿದ ಹಡಗನ್ನ ಆ ದಂಡೆಯವನು ಮುಟ್ಬೇಕಾ?” ಲಹಾನಿ ಅವನ ಮುಖವನ್ನೇ ನೋಡಿದ. “ಈಗ ಹೇಳು. ಇವತ್ತು ಏನೂ ಹೇಳ್ಲಿಲ್ಲ ನೀನು. ಯಾಕೆ?”

ಸಂಪಾರ ಮರಳಲ್ಲಿ ಬೆರಳಾಡಿಸಿದ. ಇನ್ನು ಮುಚ್ಚಿಡುವುದರಲ್ಲಿ ರುಚಿ ಉಳಿದಿರಲಿಲ್ಲ.

“ಹೇಳೋಕೆ ಇರ್ಲಿಲ್ಲ. ಮುಂಚೆಯೂ ಇರ್ಲಿಲ್ಲ. ನಿನ್ನ ಬಯ್ತಿದ್ದೆ.”

“ಏನಂತ?”

“ಬೈರಿಗೆ ಮುರೀಲಿ. ಮಣಿಕಟ್ಟು ಉಳುಕಲಿ. ಹಲಸಿಗೆ ಹುಳ ಬೀಳಲಿ.”

ಲಹಾನಿಯ ಹೊಟ್ಟೆ ಅಲ್ಲಾಡತೊಡಗಿತು. ನಗುವಿಗೆ ಕುರ್ಚಿ ಕಿರುಗುಟ್ಟಿತು. ಸಾಹೇರಾ ಗಾಬರಿಯಾಗಿ ಓಡಿಬಂದಳು; ಅವನು ಎಡಗೈಯಲ್ಲಿ ಅವಳನ್ನು ಆಚೆ ಕಳಿಸಿದ.

“ಆ ಕಪ್ಪು ಹಡಗಿಗೆ? ಅಷ್ಟುದ್ದ?”

“ಆವತ್ತು ನಿನ್ ಫೋಟೋಕ್ಕೂ ಸೇರಿಸಿ ಬೈದಿದ್ದೆ.”

“ಥೂ ನಿನ್ನ! ನಾನಿಲ್ಲಿ ಉಸಿರು ಕಟ್ಟಿ ಸಾಯ್ತಿದ್ದೆ!” ನಗು ನಿಂತಿತು. ಲಹಾನಿ ಕಣ್ಣೊರೆಸಿಕೊಂಡು ಸಂಪಾರನನ್ನು ಹೊಸದಾಗಿ ನೋಡುವವನಂತೆ ನೋಡಿದ. ಮುಖದಲ್ಲಿ ಏನೋ ಲೆಕ್ಕಾಚಾರ ಓಡಿತು. “ಸರಿ. ಇದು ನಮ್ಮಿಬ್ಬರ ಹತ್ರಾನೇ ಇರ್ಲಿ. ಆದ್ರೆ ಒಂದ್ ಮಾತು. ಮುಂದಿನ ಹಡಗಿಗೂ ನನ್ನ ಹೊತ್ಕೊಂಡ್ ಬರ್ಬೇಕು. ದೀಪ ನಾನೇ ಹಿಡೀಬೇಕು. ಹೇಳಿದ್ದಾನೋ ಇಲ್ವೋ ಅಂತ ಜನಕ್ಕೆ ಹೇಳೋನು ನಾನೇ.”

ಸಂಪಾರನಿಗೆ ತಲೆಯಾಡಿಸದೆ ಗತಿಯಿರಲಿಲ್ಲ.

ಸಂಜೆಯ ಉಬ್ಬರ ಹಡಗಿನ ಹಿಂಭಾಗವನ್ನು ಮುಟ್ಟಿತು. ಸಂಪಾರ ತಾನೇ ಮುಂದಿನ ಹಗ್ಗ ಹಿಡಿದು ಕೂಗು ಹಾಕಿದ. ಮೂರನೆಯ ಎಳೆತಕ್ಕೆ ಹಡಗು ಜಾರಿತು. ಒಮ್ಮೆ ಜಾರಿದ್ದು ಮತ್ತೆ ನಿಲ್ಲಲಿಲ್ಲ. ನೀರಲ್ಲಿ ಒಂದು ಸಲ ಬಾಗಿ ಎದ್ದು ನೆಟ್ಟಗೆ ನಿಂತಿತು. ಹಾಜಿ ಮುಸ್ತಾರಿ ಮೇಸ್ತ್ರಿಗೆ ಹೊದಿಸುವ ಬಿಳಿ ಬಟ್ಟೆಯನ್ನು ಸಂಪಾರನ ಹೆಗಲಿಗೆ ಹಾಕಿ, ಆಡಿನ ತಲೆಯ ತಟ್ಟೆಯನ್ನು ಅವನ ಕೈಗಿತ್ತು, ಎಲ್ಲರಿಗೂ ಕೇಳುವಂತೆ ‘ಮೇಸ್ತ್ರಿ’ ಎಂದ. ತನ್ನ ತಮ್ಮನಿಗೂ ಒಂದು ಹಡಗು ಬೇಕಂತೆ, ಮಳೆ ನಿಂತ ಮೇಲೆ ಮಾತಾಡೋಣ ಎಂದೂ ಹೇಳಿದ.

ಸಂಪಾರ ಆ ಬಟ್ಟೆ ಹೊದ್ದೇ ಮನೆಗೆ ನಡೆದ. ಜನ ಹಿಂದೆ ಬರುತ್ತಾರೆಂದುಕೊಂಡಿದ್ದ. ತಿರುಗಿ ನೋಡಿದರೆ ಯಾರೂ ಇಲ್ಲ. ಎಲ್ಲರೂ ಕುರ್ಚಿ ಹೊತ್ತವರ ಹಿಂದೆ ಲಹಾನಿಯ ಮನೆಗೆ ಹೋಗಿದ್ದರು. ಅಲ್ಲಿಂದ ನಗೆ ಕೇಳುತ್ತಿತ್ತು.

ರಬನಿಯಾ ಆಡಿನ ತಲೆಯ ತಟ್ಟೆ ತೆಗೆದುಕೊಂಡು ಅವನ ಮುಖ ನೋಡಿದಳು. “ಇಷ್ಟು ವರ್ಷ ಬೇಕು ಬೇಕು ಅಂದಿದ್ದು ಸಿಕ್ತಲ್ಲ. ಇನ್ನೇನು?”

“ಅವರೆಲ್ಲ ಅಲ್ಲಿಗೆ ಹೋದ್ರು.”

“ನೀವೂ ಹೋಗಿ. ಇಲ್ಲಿ ಕೂತು ನನ್ ತಲೆ ತಿನ್ಬೇಡಿ.”

ಹೋದ. ಅವನನ್ನು ಕಂಡು ಜಗುಲಿಯ ಮೇಲಿದ್ದ ಜಪ್ಪಾರೆ ಕೂಗಿದ: “ಮೇಸ್ತ್ರಿ ಬಂದ್ರು, ಜಾಗ ಬಿಡ್ರೋ!” ಜನ ಸರಿದು ಜಾಗ ಮಾಡಿದರು. ಲಹಾನಿಯ ಪಕ್ಕದಲ್ಲೇ, ಅದೇ ಎತ್ತರದ ದಿಂಬು. ಲಹಾನಿ ಸರಿಯಿದ್ದ ಕೈಯಿಂದ ಚಾಪೆಯನ್ನು ತಟ್ಟಿ ‘ಬಾ ಭಾವ’ ಎಂದ. ಸಂಪಾರ ಬಿಳಿ ಬಟ್ಟೆ ಸರಿಪಡಿಸಿಕೊಂಡು ಕೂತ.

ಸಾಹೇರಾ ಒಳಗಿನಿಂದ ಕಾಫಿಯ ಹರಿವಾಣ ತಂದಳು. ಇಬ್ಬರ ನಡುವೆ ಬಂದು ನಿಂತು, ಯೋಚಿಸದೆ, ಮೊದಲ ಲೋಟವನ್ನು ಗಂಡನ ಎಡಗೈಗೆ ಕೊಟ್ಟಳು. ಎರಡನೆಯದು ಸಂಪಾರನಿಗೆ ಬಂತು. ಬಿಸಿಯಾಗಿತ್ತು, ಸಕ್ಕರೆ ಸರಿಯಾಗಿತ್ತು. ಕುಡಿಯುವ ಮೊದಲು ಅವನು ಲಹಾನಿಯ ಲೋಟದಲ್ಲಿ ಎಷ್ಟಿದೆ ಎಂದು ಬಗ್ಗಿ ನೋಡಿದ.